ಇಂಗ್ಲೆಂಡಿನ ಹಳೇ ಕಂಟ್ರಿ ಹೌಸಿನಲ್ಲಿ ನಮ್ಮ ಮದುವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಕನ್ನಡದ ಮನೆಗಳಲ್ಲಿ ಮಕ್ಕಳು ಮದುವೆ ವಯಸ್ಸಿಗೆ ಬಂದಿದ್ದಾರೆ. ಅವರಲ್ಲಿ ತುಂಬಾ ಜನಕ್ಕೆ ಹಳೇ ಕಂಟ್ರಿ ಹೌಸಿನಲ್ಲೇ ಮದುವೆ ಆಗಬೇಕು ಅಂತ ಆಸೆ. ಅಪ್ಪ ಅಮ್ಮನಿಗೆ ಶಾಸ್ತ್ರ ಬಿಡಬಾರದು ಅಂತ ಆಸೆ. ಎರಡೂ ಒಟ್ಟಿಗೆ ಆಗುತ್ತದೆ. ಹತ್ತು ಹನ್ನೆರಡು ಮದುವೆಗೆ ಓಡಾಡಿದ ಮೇಲೆ ಇದನ್ನು ಧೈರ್ಯವಾಗಿ ಹೇಳುತ್ತಿದ್ದೇನೆ. ಆದರೆ ಮನೆ ನೋಡಲು ಹೋದವರು ಮೆಟ್ಟಿಲು, ತೂಗುದೀಪ, ಹುಲ್ಲುಹಾಸು ನೋಡಿ ಮರುಳಾಗಿ ಅಲ್ಲೇ ಮುಂಗಡ ಕೊಟ್ಟು ಬರುತ್ತಾರೆ. ಕೇಳಬೇಕಾದ್ದು ಬೇರೆ. ಬೆಂಕಿ ಹೊತ್ತಿಸಬಹುದಾ? ಓಲಗ ಊದಿಸಬಹುದಾ? ಬೆಳಿಗ್ಗೆ ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತಾರೆ? ಒಲೆ ಎಲ್ಲಿ ಹೂಡುವುದು? ಈ ನಾಲ್ಕಕ್ಕೆ ಉತ್ತರ ಬರಹದಲ್ಲಿ ಸಿಗುವ ತನಕ ದುಡ್ಡು ಕೊಡಬೇಡಿ.

ಕಂಟ್ರಿ ಹೌಸ್ ಅಂದರೆ ಏನು? ಹೋಟೆಲಿಗೂ ಅದಕ್ಕೂ ಏನು ವ್ಯತ್ಯಾಸ?

ಹಿಂದೆ ಜಮೀನಿದ್ದ ಸಿರಿವಂತರು ಹಳ್ಳಿ ಕಡೆ ಕಟ್ಟಿಸಿದ ದೊಡ್ಡ ಮನೆಗಳು ಇವು. ಮಲೆನಾಡಿನ ತೊಟ್ಟಿಮನೆ, ಕರಾವಳಿಯ ಗುತ್ತಿನ ಮನೆ ನೆನಪು ಮಾಡಿಕೊಳ್ಳಿ. ಗಾತ್ರ ಬೇರೆ, ಆದರೆ ತಲೆಮಾರುಗಳು ಬದುಕಿದ ಮನೆ ಅನ್ನುವುದು ಒಂದೇ.

ಈಗ ಒಡೆತನ ಮೂರು ಬಗೆ. ಕೆಲವು ಮನೆಗಳಲ್ಲಿ ಇವತ್ತಿಗೂ ಅದೇ ಕುಟುಂಬ ಇದೆ. ಹರ್ಟ್‌ಫರ್ಡ್‌ಶೈರ್‌ನ ನೆಬ್‌ವರ್ತ್ ಹೌಸ್ ಹಾಗೆ. 1876ರಿಂದ 1880ರ ತನಕ ಭಾರತದ ವೈಸರಾಯ್ ಆಗಿದ್ದ ಲಿಟನ್ ಆ ಮನೆಯವರು. ಕೆಲವು ಮನೆಗಳು ನ್ಯಾಷನಲ್ ಟ್ರಸ್ಟ್ ಕೈಯಲ್ಲಿವೆ. ಇದು ಹಳೇ ಮನೆ, ಜಾಗಗಳನ್ನು ಕಾಪಾಡಲು 1895ರಲ್ಲಿ ಶುರುವಾದ ಸಂಸ್ಥೆ. ಇನ್ನು ಕೆಲವು ಹೋಟೆಲ್ ಆಗಿವೆ. ಬಕಿಂಗ್‌ಹ್ಯಾಮ್‌ಶೈರ್‌ನ ಕ್ಲೈವ್‌ಡೆನ್ ಟ್ರಸ್ಟಿನ ಆಸ್ತಿ, ಆದರೆ ಒಳಗೆ ನಡೆಯುವುದು ಹೋಟೆಲ್. ಈಗಿರುವ ಆ ಕಟ್ಟಡ 1851ರದ್ದು.

ಮನೆ ಯಾರದು ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಕುಟುಂಬದ ಮನೆಯಾದರೆ ನೇರವಾಗಿ ಕೂತು ಮಾತಾಡಬಹುದು, ಕೆಲವು ವಿಷಯಕ್ಕೆ ಒಪ್ಪಿಸಲೂಬಹುದು. ಟ್ರಸ್ಟ್ ಆದರೆ ನಿಯಮ ಗಟ್ಟಿ. ಹೋಟೆಲಾದರೆ ರೂಮು, ಸಿಬ್ಬಂದಿ ಎಲ್ಲ ಸಲೀಸು, ಆದರೆ ಹೊರಗಿನ ಅಡಿಗೆಯವರನ್ನು ಬಿಡಿಸುವುದು ಕಷ್ಟ.

ಅಂಥ ಮನೆಯವರು ಮದುವೆಗೆ ಯಾಕೆ ಬಾಡಿಗೆಗೆ ಕೊಡುತ್ತಾರೆ?

ಸೂರು ಉಳಿಸಿಕೊಳ್ಳಲು. ಇಪ್ಪತ್ತನೇ ಶತಮಾನದಲ್ಲಿ ಮನೆ ಯಜಮಾನ ಸತ್ತಾಗ ಕಟ್ಟಬೇಕಾದ ತೆರಿಗೆ, ಎರಡು ಮಹಾಯುದ್ಧ, ಆಳುಕಾಳು ಸಿಗದ ಪರಿಸ್ಥಿತಿ ಎಲ್ಲ ಸೇರಿ ಸಾವಿರಕ್ಕೂ ಜಾಸ್ತಿ ಕಂಟ್ರಿ ಹೌಸುಗಳು ನೆಲಸಮ ಆದವು. 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಈ ನಾಶದ ಬಗ್ಗೆಯೇ ಒಂದು ಪ್ರದರ್ಶನ ಮಾಡಿ ಜನರ ಕಣ್ಣು ತೆರೆಸಿತು.

ಮದುವೆ ವಿಷಯದಲ್ಲಿ ಬಾಗಿಲು ತೆರೆದದ್ದು ಇನ್ನೂ ಈಚೆಗೆ. 1994ರ ಕಾಯ್ದೆ 1995ರಲ್ಲಿ ಜಾರಿಗೆ ಬರುವ ತನಕ ಇಂಥ ಮನೆಗಳಲ್ಲಿ ರಿಜಿಸ್ಟರ್ ಮದುವೆ ನಡೆಸುವ ಹಾಗೇ ಇರಲಿಲ್ಲ. ಈಗ ಮದುವೆ ಬಾಡಿಗೆಯಲ್ಲೇ ಎಷ್ಟೋ ಮನೆಗಳ ಮಾಡಿನ ಸೀಸದ ತಗಡು, ಕಿಟಕಿ, ಚಿಮಣಿ ರಿಪೇರಿ ಆಗುತ್ತದೆ. ನೀವು ಕೊಡುವ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿದ್ದರೆ ಅವರ ಜೊತೆ ಮಾತು ಹಗುರಾಗುತ್ತದೆ.

ಅಲ್ಲಿ ಶಾಸ್ತ್ರದ ಪ್ರಕಾರ ತಾಳಿ ಕಟ್ಟಿದರೆ ಕಾನೂನಿನ ಪ್ರಕಾರ ಮದುವೆ ಆದ ಹಾಗಾ?

ಇಲ್ಲ. ದಯವಿಟ್ಟು ಇದನ್ನು ಎರಡು ಸಲ ಓದಿ. ಇಂಗ್ಲೆಂಡಿನಲ್ಲಿ ಕಾನೂನು ನೋಡುವುದು ಕಟ್ಟಡವನ್ನು. ಕಂಟ್ರಿ ಹೌಸಿಗೆ ಇರುವುದು ಸಿವಿಲ್ ಮದುವೆಯ, ಅಂದರೆ ರಿಜಿಸ್ಟರ್ ಮದುವೆಯ ಅನುಮತಿ. ಅಲ್ಲಿ ಧಾರೆ ಎರೆದು, ಸಪ್ತಪದಿ ತುಳಿದು, ಮುನ್ನೂರು ಜನ ಅಕ್ಷತೆ ಹಾಕಿದರೂ ಅಷ್ಟರಿಂದಲೇ ಸರ್ಕಾರದ ಲೆಕ್ಕದಲ್ಲಿ ಅವರು ಗಂಡ ಹೆಂಡತಿ ಅಲ್ಲ. ಮುಂದೆ ಆಸ್ತಿ, ಪಿಂಚಣಿ, ವೀಸಾ ಅಂತ ಬಂದಾಗ ಹೆಣ್ಣುಮಕ್ಕಳು ಕೈ ಕಟ್ಟಿಸಿಕೊಂಡು ನಿಲ್ಲಬೇಕಾಗುತ್ತದೆ. ಈ ಪದ್ಧತಿ ಬದಲಾಯಿಸಿ, ಕಟ್ಟಡ ಬಿಟ್ಟು ಮದುವೆ ನಡೆಸಿಕೊಡುವವರನ್ನು ನೋಡಿ ಅಂತ ಅಲ್ಲಿನ ಕಾನೂನು ಆಯೋಗ 2022ರಲ್ಲಿ ಶಿಫಾರಸು ಮಾಡಿದೆ. ಕಾನೂನು ಬದಲಾಗುವ ತನಕ ಹಳೇ ದಾರಿಯೇ ಗತಿ.

ದಾರಿ ಎರಡಿದೆ. ಒಂದು, ಮೊದಲೇ ಒಂದು ದಿನ ರಿಜಿಸ್ಟರ್ ಆಫೀಸಿಗೆ ಹೋಗಿ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ಬರುವುದು. ಇನ್ನೊಂದು, ಅದೇ ದಿನ ರಿಜಿಸ್ಟ್ರಾರನ್ನು ಮನೆಗೇ ಕರೆಸುವುದು. ಕರೆಸಿದರೆ ಆ ಸಿವಿಲ್ ಮದುವೆಯಲ್ಲಿ ಪೂಜೆ, ಮಂತ್ರ ಇರುವಂತಿಲ್ಲ. ಗಣಪತಿ ಕೂರಿಸಿದ ಮಂಟಪದ ಮುಂದೆ ಅದನ್ನು ನಡೆಸಲು ಹೋಗಬೇಡಿ. ಮನೆಯ ಲೈಬ್ರರಿ ರೂಮಿನಲ್ಲಿ ಇಪ್ಪತ್ತು ನಿಮಿಷದಲ್ಲಿ ಮುಗಿಸಿ, ಆಮೇಲೆ ಮಂಟಪಕ್ಕೆ ಬನ್ನಿ. ರಿಜಿಸ್ಟ್ರಾರನ್ನು ಮನೆಯವರು ಗೊತ್ತು ಮಾಡುವುದಿಲ್ಲ. ಆ ಪ್ರದೇಶದ ಕೌನ್ಸಿಲಿನಲ್ಲಿ ನೀವೇ ಬುಕ್ ಮಾಡಬೇಕು, ಫೀಸೂ ಬೇರೆ.

ನನ್ನ ಅಭಿಪ್ರಾಯ ಕೇಳಿದರೆ ಮೊದಲನೇ ದಾರಿ ಒಳ್ಳೆಯದು. ಮುಹೂರ್ತದ ದಿನ ರಿಜಿಸ್ಟ್ರಾರರ ಗಡಿಯಾರ, ಪುರೋಹಿತರ ಗಡಿಯಾರ ಎರಡನ್ನೂ ಹೊಂದಿಸುವುದು ಸುಲಭ ಅಲ್ಲ.

ನೋಟಿಸ್ ಎಷ್ಟು ದಿನ ಮೊದಲು ಕೊಡಬೇಕು?

ನೋಟಿಸ್ ಅಂದರೆ ನಾವು ಮದುವೆ ಆಗುತ್ತೇವೆ ಅಂತ ಸರ್ಕಾರಕ್ಕೆ ಮೊದಲೇ ತಿಳಿಸುವುದು. ಅದನ್ನು ಕೊಡಲು ಹುಡುಗ, ಹುಡುಗಿ ಇಬ್ಬರೂ ತಾವಿರುವ ಕಡೆಯ ರಿಜಿಸ್ಟರ್ ಆಫೀಸಿಗೆ ಖುದ್ದಾಗಿ ಹೋಗಬೇಕು. ನೋಟಿಸಿಗೂ ರಿಜಿಸ್ಟರ್ ಮದುವೆಗೂ ಮಧ್ಯೆ ಕಡಿಮೆ ಅಂದರೆ 28 ಪೂರ್ತಿ ದಿನ ಇರಬೇಕು. ಒಬ್ಬರು ಭಾರತದ ಪಾಸ್‌ಪೋರ್ಟಿನವರಾದರೆ ಅದು 70 ದಿನದ ತನಕ ಹಿಗ್ಗಬಹುದು, ಆ ಲೆಕ್ಕ ಇಟ್ಟುಕೊಳ್ಳಿ. ಕೊಟ್ಟ ನೋಟಿಸ್ ಒಂದು ವರ್ಷ ನಡೆಯುತ್ತದೆ. ಯಾವ ಜಾಗದಲ್ಲಿ ಮದುವೆ ಅಂತ ಅದರಲ್ಲೇ ಬರೆಸಬೇಕು, ಆದ್ದರಿಂದ ಮನೆ ಮೊದಲು ಗೊತ್ತಾಗಿರಲಿ. 2023ರ ಫೆಬ್ರವರಿಯಿಂದ ಇಬ್ಬರಿಗೂ 18 ತುಂಬಿರಲೇಬೇಕು.

ಮುಹೂರ್ತ ಮೊದಲಾ, ಮನೆ ಮೊದಲಾ?

ಎರಡನ್ನೂ ಜೊತೆಗೇ ನೋಡಬೇಕು. ಒಂದೇ ಮುಹೂರ್ತ ಹಿಡಿದು ಮನೆ ಹುಡುಕಿದರೆ ಸುಸ್ತಾಗುತ್ತೀರಿ. ಪುರೋಹಿತರ ಹತ್ತಿರ ಐದಾರು ದಿನ ಬರೆಸಿಕೊಂಡು ಹೋಗಿ.

ಒಂದು ಅನುಕೂಲ ಹೇಳುತ್ತೇನೆ. ಇಂಗ್ಲಿಷರಿಗೆ ಬೇಕಾದ್ದು ಮೇ ತಿಂಗಳಿಂದ ಸೆಪ್ಟೆಂಬರ್ ತನಕ ಬರುವ ಶನಿವಾರಗಳು. ನಮ್ಮ ಮುಹೂರ್ತ ಬುಧವಾರ, ಗುರುವಾರ ಬಂದರೆ ಮನೆ ಖಾಲಿ ಇರುತ್ತದೆ, ಬಾಡಿಗೆಯೂ ಇಳಿಯುತ್ತದೆ. ನೆಂಟರಿಗೆ ರಜೆಯ ತೊಂದರೆ ಇದೆ ಅನ್ನುವುದು ನಿಜ. ಆದರೂ ಕೇಳಿ ನೋಡಿ.

ಪಂಚಾಂಗದ ವಿಷಯ ಹುಷಾರು. ಬೆಂಗಳೂರಿನ ಲಗ್ನದ ಸಮಯಕ್ಕೆ ಸುಮ್ನೆ ನಾಲ್ಕೂವರೆ ಗಂಟೆ ಕಳೆದರೆ ಆಗುವುದಿಲ್ಲ. ಲಗ್ನ ಆಯಾ ಊರಿನ ಸೂರ್ಯೋದಯದ ಮೇಲೆ ನಿಂತಿದೆ. ಜೂನ್ ನಡುವೆ ಲಂಡನ್ ಕಡೆ ಬೆಳಿಗ್ಗೆ ಐದಕ್ಕೆ ಮೊದಲೇ ಸೂರ್ಯ ಹುಟ್ಟುತ್ತಾನೆ, ಮುಳುಗುವುದು ರಾತ್ರಿ ಒಂಬತ್ತು ಇಪ್ಪತ್ತಕ್ಕೆ. ಅಂದರೆ ಗೋಧೂಳಿ ಲಗ್ನ ಇಟ್ಟುಕೊಂಡರೆ ಊಟಕ್ಕೆ ಏಳುವಾಗ ಹನ್ನೊಂದಾಗುತ್ತದೆ. ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯ ತನಕ ಗಡಿಯಾರ ಒಂದು ಗಂಟೆ ಮುಂದೆ ಇರುವುದರಿಂದ ನಡುಹಗಲು ಬರುವುದೇ ಒಂದು ಗಂಟೆ ಸುಮಾರಿಗೆ. ಅಭಿಜಿನ್ ಲಗ್ನ ಆಗ ಬರುತ್ತದೆ. ನಾನಂತೂ ಎಲ್ಲರಿಗೂ ಅದನ್ನೇ ಹೇಳುವುದು. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದರೂ ಮಂಟಪ ಕಟ್ಟಿ, ವರಪೂಜೆ ಮುಗಿಸಿ, ಉಸಿರಾಡಲು ಹೊತ್ತು ಸಿಗುತ್ತದೆ. ಬೆಳಗಿನ ಏಳರ ಲಗ್ನವೇ ಬೇಕು ಅಂದರೆ ಹಿಂದಿನ ದಿನದಿಂದಲೇ ಮನೆ ಹಿಡಿಯಬೇಕು.

ಹೋಮಕ್ಕೆ ಬೆಂಕಿ ಹಾಕಲು ಬಿಡುತ್ತಾರಾ?

ಕೆಲವರು ಬಿಡುತ್ತಾರೆ, ಕೆಲವರು ಹೊರಗೆ ಮಾತ್ರ ಅನ್ನುತ್ತಾರೆ, ಕೆಲವರು ಸುತರಾಂ ಒಪ್ಪುವುದಿಲ್ಲ. ಒಪ್ಪದವರ ಮೇಲೆ ಸಿಟ್ಟಾಗಬೇಡಿ. ಸಸೆಕ್ಸಿನ ಅಪ್‌ಪಾರ್ಕ್ 1989ರಲ್ಲಿ ಮಾಡಿನ ರಿಪೇರಿ ವೇಳೆ ಹತ್ತಿಕೊಂಡ ಬೆಂಕಿಗೆ ಸುಟ್ಟಿತು. ವಿಂಡ್ಸರ್ ಕೋಟೆಗೆ 1992ರಲ್ಲಿ ಬೆಂಕಿ ಬಿತ್ತು. ಸರ್ರಿಯ ಕ್ಲ್ಯಾಂಡನ್ ಪಾರ್ಕ್ ಮದುವೆಗಳು ನಡೆಯುತ್ತಿದ್ದ ಮನೆ. 2015ರ ಏಪ್ರಿಲಿನಲ್ಲಿ ವಿದ್ಯುತ್ ದೋಷದಿಂದ ಕಿಡಿ ಹೊತ್ತಿ ಒಳಗೆಲ್ಲ ಸುಟ್ಟು ಬರೀ ಇಟ್ಟಿಗೆ ಗೋಡೆ ನಿಂತಿತು. ಹಳೇ ಮನೆಗಳಲ್ಲಿ ಗೋಡೆಯ ಹಿಂದೆ, ನೆಲದ ಕೆಳಗೆ ಟೊಳ್ಳು ಇರುತ್ತದೆ. ಒಂದು ಕಡೆ ಹತ್ತಿದರೆ ಒಳಗೊಳಗೇ ಓಡುತ್ತದೆ. ಮನೆ ನೋಡಿಕೊಳ್ಳುವವರ ಎದೆಯಲ್ಲಿ ಆ ಭಯ ಸದಾ ಇದೆ.

ಅವರಿಗೆ ಧೈರ್ಯ ಬರುವ ಹಾಗೆ ಕೇಳುವುದು ನಮ್ಮ ಕೆಲಸ. "ಫೈರ್ ಸೆರೆಮನಿ" ಅಂತ ಇಮೇಲ್ ಬರೆದರೆ ಅವರ ಕಣ್ಣ ಮುಂದೆ ಏನೇನೋ ಬರುತ್ತದೆ. ಹೋಮಕುಂಡದ ಫೋಟೋ, ಅಳತೆ ಕಳಿಸಿ. ಕಾಲಿರುವ ಸ್ಟೀಲಿನ ಕುಂಡ, ಕೆಳಗೆ ಮರಳು ತುಂಬಿದ ತಟ್ಟೆ, ಅದರ ಕೆಳಗೆ ಬೆಂಕಿ ತಡೆಯುವ ಹೊದಿಕೆ. ಎಷ್ಟು ಸಮಿತ್ತು, ಎಷ್ಟು ತುಪ್ಪ, ಎಷ್ಟು ನಿಮಿಷ ಅಂತ ಬರೆಯಿರಿ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬರು ನಿಂತಿರುತ್ತಾರೆ ಅಂತ ಹೇಳಿ, ನಿಜವಾಗಿಯೂ ನಿಲ್ಲಿಸಿ. ಒಳಗೆ ಬಿಡುವುದಾದರೆ ಆ ರೂಮಿನ ಹೊಗೆ ಅಲಾರಂ ಮಾತ್ರ ಅಷ್ಟು ಹೊತ್ತು ನಿಲ್ಲಿಸುವ ವ್ಯವಸ್ಥೆ ಇದೆಯಾ ಕೇಳಿ. ಇಲ್ಲದಿದ್ದರೆ ಒಂದು ಬದಿ ತೆರೆದ ಮಾರ್ಕಿಯಲ್ಲಿ, ಅಂದರೆ ದೊಡ್ಡ ಡೇರೆಯಲ್ಲಿ ಮಂಟಪ ಹಾಕಿ. ಲಾಜಹೋಮದಲ್ಲಿ ಅಣ್ಣ ತಂಗಿಯ ಕೈಗೆ ಅರಳು ಸುರಿಯುತ್ತಾನಲ್ಲ, ಅದು ಬೆಂಕಿಗೆ ಬಿದ್ದು ಮೇಲೆ ತುಪ್ಪ ಬಿದ್ದಾಗ ಉರಿ ಒಮ್ಮೆಲೇ ಏಳುತ್ತದೆ. ಮಂಟಪದ ಮೇಲ್ಬಟ್ಟೆ ಎತ್ತರವಾಗಿರಲಿ, ಹುಡುಗಿಯ ಸೆರಗನ್ನು ಯಾರಾದರೂ ಹಿಡಿದಿರಲಿ.

ಓಲಗ, ಗಟ್ಟಿಮೇಳ?

ಇಲ್ಲಿ ನನಗೊಂದು ಪಾಠ ಆಗಿದೆ. ಗೆಳೆಯರೊಬ್ಬರ ಮಗಳ ಮದುವೆ. ಮನೆಯ ಹೆಸರು ಬೇಡ. ಗಾಜಿನ ಕಿಟಕಿಗಳ ದೊಡ್ಡ ಆರೆಂಜರಿ, ಒಂದು ಕಾಲಕ್ಕೆ ಕಿತ್ತಳೆ ಗಿಡ ಇಡುತ್ತಿದ್ದ ಜಾಗ. ಗೋಡೆಯ ಮೇಲೆ ಹಸಿರು, ಹಳದಿ, ಕೆಂಪು ದೀಪದ ಒಂದು ಪೆಟ್ಟಿಗೆ ಇತ್ತು. ನಾವು ಯಾರೂ ಅದೇನು ಅಂತ ಕೇಳಿರಲಿಲ್ಲ. ಪುರೋಹಿತರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂದರು. ನಾಗಸ್ವರ ಏರಿತು, ಡೋಲು ಬಿತ್ತು. ಕೆಂಪು ದೀಪ ಹತ್ತಿದ್ದು ಕಂಡಿತು. ಕೆಲವೇ ಸೆಕೆಂಡಿನಲ್ಲಿ ಮೈಕ್ ಸತ್ತಿತು, ಮಂಟಪದ ಅಲಂಕಾರದ ದೀಪ ಅಷ್ಟೂ ಆರಿತು, ವಿಡಿಯೋದವರ ಲೈಟ್ ಹೋಯಿತು. ಹುಡುಗನ ಕೈ ತಾಳಿಯ ಮೇಲೇ ಇತ್ತು. ದೀಪ ಆರಿತು ಅಂತ ಹುಡುಗಿಯ ತಾಯಿ ಕಣ್ಣಲ್ಲಿ ನೀರು. ಪುಣ್ಯಕ್ಕೆ ಅವರ ಅತ್ತೆ ಮಂಟಪದ ಮೂಲೆಗೆ ಬೆರಳು ತೋರಿಸಿದರು. ಎರಡು ಬೆಳ್ಳಿ ದೀಪ ಅಲ್ಲಾಡದೆ ಉರಿಯುತ್ತಿದ್ದವು. "ನೋಡೇ, ನಮ್ಮ ದೀಪ ಎಲ್ಲಿ ಆರಿದೆ?" ಅಂದರು.

ಆ ಪೆಟ್ಟಿಗೆ ಸೌಂಡ್ ಲಿಮಿಟರ್. ಗೊತ್ತು ಮಾಡಿದ ಡೆಸಿಬೆಲ್ ದಾಟಿದರೆ ಆ ಕೋಣೆಯ ಪ್ಲಗ್ಗುಗಳಿಗೆ ಕರೆಂಟ್ ಕತ್ತರಿಸುತ್ತದೆ. ಅಕ್ಕಪಕ್ಕದ ಹಳ್ಳಿಯವರಿಗೆ ತೊಂದರೆ ಆಗದಿರಲಿ ಅಂತ ಹಾಕಿರುತ್ತಾರೆ. ಆದ್ದರಿಂದ ಕೇಳಿ: ಲಿಮಿಟರ್ ಇದೆಯಾ, ಯಾವ ರೂಮಿನಲ್ಲಿ, ಎಷ್ಟಕ್ಕೆ ಇಟ್ಟಿದ್ದಾರೆ, ತಾಳಿ ಕಟ್ಟುವ ಹತ್ತು ನಿಮಿಷ ಬೇರೆ ಲೈನಿನಿಂದ ಕರೆಂಟ್ ಕೊಡುತ್ತಾರಾ? ಹಿಂದಿನ ದಿನವೇ ಒಮ್ಮೆ ನಾಗಸ್ವರ ಊದಿಸಿ ನೋಡಿ. ಲಂಡನ್ನಿನಲ್ಲಿ ಶ್ರೀಲಂಕಾ ತಮಿಳರ ಪೈಕಿ ಒಳ್ಳೆಯ ನಾಗಸ್ವರದವರಿದ್ದಾರೆ, ನಮ್ಮ ಮದುವೆಗಳಿಗೂ ಬರುತ್ತಾರೆ.

ಬಾಳೆ ಎಲೆ ಊಟ ಆಗುತ್ತದಾ?

ಆಗುತ್ತದೆ, ಅಡಿಗೆ ಮಾಡುವ ಜಾಗ ಸಿಕ್ಕರೆ. ಲಂಡನ್ನಿನ ಸೌತಾಲ್, ಟೂಟಿಂಗ್, ಈಸ್ಟ್ ಹ್ಯಾಮ್ ಅಂಗಡಿಗಳಲ್ಲಿ ಎಲೆ ಸಿಗುತ್ತದೆ. ಮೊದಲೇ ಹೇಳಿಡಬೇಕು.

ತುಂಬಾ ಮನೆಗಳಿಗೆ ತಮ್ಮದೇ ಅಡಿಗೆಯವರ ಪಟ್ಟಿ ಇರುತ್ತದೆ. ಹೊರಗಿನವರನ್ನು ಕರೆತಂದರೆ ಮೇಲೊಂದು ಫೀಸು. ಅದನ್ನು ಕೊಟ್ಟರೂ ಮುಖ್ಯ ಪ್ರಶ್ನೆ ಒಲೆಯದು. ಆ ಅಡಿಗೆಮನೆಗಳು ಓವನ್ನಿನಿಂದ ತಟ್ಟೆ ತೆಗೆದು ಬಡಿಸುವುದಕ್ಕೆ ಮಾಡಿದ್ದು. ಇನ್ನೂರು ಜನದ ಸಾರಿಗೆ ಇಂಗು, ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಆ ಘಾಟಿಗೇ ಅಲಾರಂ ಕೂಗಿ ಫೈರ್ ಎಂಜಿನ್ ಬರುವ ಸಂಭವ ಇದೆ. ಗ್ಯಾಸ್ ಸಿಲಿಂಡರನ್ನು ಒಳಗೆ ತರಲು ಬಿಡುವುದಿಲ್ಲ. ಮನೆಯ ಹಿಂದೆ, ಕುದುರೆ ಲಾಯದ ಅಂಗಳದ ಕಡೆ ಒಂದು ಅಡಿಗೆ ಡೇರೆ ಹಾಕಲು ಅನುಮತಿ ಪಡೆಯಿರಿ. ಒಗ್ಗರಣೆ, ಹೋಳಿಗೆ ಬೇಯಿಸುವುದು, ಹಪ್ಪಳ ಕರಿಯುವುದು ಅಲ್ಲೇ ಆಗಲಿ.

ಎಲೆ ಹಾಕುವ ಮೇಜು ಮನೆಯದ್ದಾಗಿರಬಾರದು. ಹಳೇ ಮರಕ್ಕೆ ನೀರು, ಸಾರು ತಾಗಿದರೆ ಕಲೆ ಹೋಗದು. ಬಾಡಿಗೆ ಮೇಜು, ಮೇಲೆ ದಪ್ಪ ಕಾಗದದ ಸುರುಳಿ. ಕೈ ತೊಳೆಯುವ ಜಾಗ ಮರೆಯಬೇಡಿ. ಇನ್ನೂರು ಜನ ಊಟ ಮಾಡಿದ ಕೈಯಲ್ಲಿ ಹಿತ್ತಾಳೆ ಬಾಗಿಲ ಹಿಡಿ ಮುಟ್ಟಿಕೊಂಡು ಬಾತ್‌ರೂಮ್ ಹುಡುಕುವುದು ಚೆನ್ನಾಗಿರುವುದಿಲ್ಲ, ಅಲ್ವಾ?

ಮದ್ಯ ಇಡದ ಮದುವೆಯಾದರೆ ಅದನ್ನೂ ಮೊದಲೇ ಹೇಳಿ. ಬಾರಿನಲ್ಲಿ ಇಷ್ಟು ವ್ಯಾಪಾರ ಆಗಲೇಬೇಕು ಅಂತ ಕೆಲವು ಕರಾರಿನಲ್ಲಿ ಇರುತ್ತದೆ.

ಅಕ್ಷತೆ, ಅರಿಶಿನ, ತೋರಣ?

ಇವು ಲಿಸ್ಟೆಡ್ ಕಟ್ಟಡಗಳು, ಅಂದರೆ ಸರ್ಕಾರದ ರಕ್ಷಣೆಯ ಪಟ್ಟಿಯಲ್ಲಿರುವಂಥವು. ಗ್ರೇಡ್ ಒಂದು ಅಂದರೆ ಎಲ್ಲಕ್ಕಿಂತ ಮೇಲಿನದು, ಪಟ್ಟಿಯಲ್ಲಿ ಶೇಕಡಾ 2.5ರಷ್ಟು ಮಾತ್ರ. ಅನುಮತಿ ಇಲ್ಲದೆ ಅಂಥ ಕಟ್ಟಡವನ್ನು ಮಾರ್ಪಡಿಸುವುದು ಅಪರಾಧ. ಹಾಗಾಗಿ ಮೊಳೆ ಬೇಡ, ಗೋಡೆಗೆ ಟೇಪೂ ಬೇಡ. ಮಾವಿನ ತೋರಣಕ್ಕೆ ತಾನೇ ನಿಲ್ಲುವ ಕಮಾನು ಬಾಡಿಗೆಗೆ ಸಿಗುತ್ತದೆ, ಬಾಗಿಲ ಮುಂದೆ ಇಡಿ.

ಅರಿಶಿನ ಶಾಸ್ತ್ರ ಹೊರಗೆ ಹುಲ್ಲಿನ ಮೇಲೆ ಮಾಡಿ. ಸುಣ್ಣಕಲ್ಲಿನ ನೆಲಕ್ಕೆ ಅರಿಶಿನ, ಕುಂಕುಮ ತಾಗಿದರೆ ಕಲ್ಲು ಹೀರಿಕೊಳ್ಳುತ್ತದೆ. ಮಂಟಪದ ಸುತ್ತ ಬಿಳಿ ಬಟ್ಟೆ ಹಾಸಿದರೆ ಅಕ್ಷತೆಯೂ ಅದರಲ್ಲೇ ಬೀಳುತ್ತದೆ, ಮಡಚಿ ಎತ್ತಬಹುದು.

ಒಂದು ವಿಷಯದಲ್ಲಿ ನಾವು ಆ ಮನೆಗಳಿಗೆ ಒಳ್ಳೆಯ ನೆಂಟರು. ಚೂಪು ಹಿಮ್ಮಡಿಯ ಚಪ್ಪಲಿ ಹಳೇ ಮರದ ನೆಲದಲ್ಲಿ ಗುಳಿ ಮಾಡುತ್ತದೆ, ಮನೆಯವರಿಗೆ ಅದೇ ದೊಡ್ಡ ಚಿಂತೆ. ನಾವು ಚಪ್ಪಲಿ ಬಿಟ್ಟೇ ಬರುತ್ತೇವೆ. ಇದನ್ನು ಹೇಳಿದರೆ ಅವರ ಮುಖ ಅರಳುವುದನ್ನು ನೋಡಿದ್ದೇನೆ. ಚಪ್ಪಲಿ ರಾಶಿ ಮಾತ್ರ ಹೊರದಾರಿಗೆ ಅಡ್ಡ ಆಗಬಾರದು.

ಎಷ್ಟು ಜನ ಹಿಡಿಸುತ್ತಾರೆ?

ಮನೆಯೊಳಗಿನ ದೊಡ್ಡ ರೂಮಿಗೂ ಸಾಮಾನ್ಯವಾಗಿ ನೂರು, ನೂರಿಪ್ಪತ್ತು. ಮುನ್ನೂರು ಜನ ಅಂದರೆ ಮಾರ್ಕಿ ಬೇಕೇ ಬೇಕು. ಅಂಕಿ ಬೆಂಕಿ ಸುರಕ್ಷತೆಯ ಲೆಕ್ಕದಲ್ಲಿ ಇಟ್ಟದ್ದು, ಹತ್ತು ಜನ ಜಾಸ್ತಿ ಬಂದರೆ ನಡೆಯುತ್ತದೆ ಅಂದುಕೊಳ್ಳಬೇಡಿ. ಕೂಸುಗಳೂ, ಅಡಿಗೆಯವರೂ ಸೇರುತ್ತಾರಾ ಕೇಳಿ.

ದುಡ್ಡು, ಮುಂಗಡ?

ಚಳಿಗಾಲದ ವಾರದ ದಿನಕ್ಕೆ ಕೆಲವು ಸಾವಿರ ಪೌಂಡ್‌ನಲ್ಲಿ ಮನೆ ಸಿಗಬಹುದು. ಬೇಸಿಗೆಯ ಶನಿವಾರ ಪೂರ್ತಿ ಮನೆ ಅಂದರೆ ಹತ್ತು ಸಾವಿರ ಪೌಂಡ್ ದಾಟಿ ಎಷ್ಟೋ ಮುಂದೆ ಹೋಗುತ್ತದೆ. ಹೇಳಿದ ದರದಲ್ಲಿ 20% ವ್ಯಾಟ್ ಸೇರಿದೆಯಾ ಅಂತ ಮೊದಲು ಕೇಳಿ.

ಮುಂಗಡವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಡಿ. 100 ಪೌಂಡ್‌ಗಿಂತ ಜಾಸ್ತಿ, 30,000 ಪೌಂಡ್ ಒಳಗಿನ ಖರೀದಿಗೆ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ನಿನ ರಕ್ಷಣೆ ಇದೆ. ಒಪ್ಪಂದ ಮುರಿದರೆ, ಕಂಪನಿ ಮುಳುಗಿದರೆ ಕಾರ್ಡಿನವರನ್ನೂ ಕೇಳಬಹುದು. "ಮುಂಗಡ ವಾಪಸ್ ಇಲ್ಲ" ಅಂತ ಬರೆದ ಮಾತ್ರಕ್ಕೆ ಅದೇ ಕೊನೆ ಮಾತಲ್ಲ. ಅನ್ಯಾಯದ ಷರತ್ತುಗಳಿಗೆ 2015ರ ಗ್ರಾಹಕ ಹಕ್ಕು ಕಾಯ್ದೆ ಕಡಿವಾಣ ಹಾಕುತ್ತದೆ. ಮದುವೆ ವಿಮೆ ಮಾಡಿಸಿ. ಅಲಂಕಾರದವರು, ಅಡಿಗೆಯವರ ಹತ್ತಿರ ಹೊಣೆಗಾರಿಕೆ ವಿಮೆ ಇದೆಯಾ ಅಂತ ಮನೆಯವರು ಕೇಳೇ ಕೇಳುತ್ತಾರೆ.

ಮಳೆ ಬಂದರೆ?

ಬರುತ್ತದೆ ಅಂತಲೇ ಲೆಕ್ಕ ಹಾಕಿ. ಸಿವಿಲ್ ಮದುವೆಯನ್ನು ಮನೆಯ ಹೊರಗೆ ತೋಟದಲ್ಲಿ ನಡೆಸಲು 2021ರ ಜುಲೈಯಿಂದ ಅವಕಾಶ ಇದೆ. ಆದರೂ ಒಳಗೊಂದು ರೂಮು ಕಾದಿರಿಸಿ. ಕಾಶೀಯಾತ್ರೆಗೆ ಮಾತ್ರ ಮಳೆ ಅಡ್ಡಿ ಅಲ್ಲ, ಹುಡುಗನ ಕೈಯಲ್ಲಿ ಹೇಗೂ ಕೊಡೆ ಇರುತ್ತದೆ. ಜಲ್ಲಿ ಹಾಸಿದ ಉದ್ದ ದಾರಿಯಲ್ಲಿ ಪಂಚೆ ಎತ್ತಿ ಹಿಡಿದು ಹೋಗುವ ಮದುಮಗನನ್ನು ಮಾವ ಕರೆದು ತರುವ ಆ ದೃಶ್ಯ ಅಲ್ಲಿ ತುಂಬಾ ಚಂದ ಕಾಣುತ್ತದೆ.

ವಯಸ್ಸಾದವರು, ಮಕ್ಕಳು ಬರುತ್ತಾರೆ. ಏನು ನೋಡಬೇಕು?

ಲಿಫ್ಟ್ ಇಲ್ಲದ ಮನೆಗಳೇ ಜಾಸ್ತಿ. ಅಜ್ಜ ಅಜ್ಜಿಗೆ ನೆಲಮಟ್ಟದ ರೂಮು ಕೇಳಿ. ದೊಡ್ಡ ರೂಮುಗಳು ಮೇ ತಿಂಗಳಲ್ಲೂ ತಣ್ಣಗಿರುತ್ತವೆ, ಊರಿಂದ ಬರುವವರಿಗೆ ಶಾಲು ಇರಲಿ.

ಮಕ್ಕಳಿದ್ದರೆ "ಹಾ-ಹಾ" ಎಲ್ಲಿದೆ ಅಂತ ಕೇಳಿ. ಇದು ಹುಲ್ಲುಹಾಸಿನ ಕೊನೆಯಲ್ಲಿ ತೋಡಿದ ಕಂದಕ, ಒಂದು ಬದಿಗೆ ಕಲ್ಲಿನ ಗೋಡೆ. ಕುರಿ, ದನ ತೋಟಕ್ಕೆ ಬಾರದಿರಲಿ, ಬೇಲಿಯೂ ಕಣ್ಣಿಗೆ ಬೀಳದಿರಲಿ ಅಂತ ಮಾಡಿದ್ದು. ಮನೆ ಕಡೆಯಿಂದ ನೋಡಿದರೆ ಹುಲ್ಲು ಹಾಗೇ ಹೊಲದ ತನಕ ಹೋದ ಹಾಗೆ ಕಾಣುತ್ತದೆ. ಓಡುವ ಮಗು ಅಂಚಿಗೆ ಹೋಗಿ ನಿಂತ ಮೇಲೇ ಅದು ಕಾಣುವುದು. ನಾವು ಅಲ್ಲಿ ಸೇವಂತಿಗೆ ಮಾಲೆ ಕಟ್ಟಿದ ಕಂಬಗಳ ಸಾಲು ನಿಲ್ಲಿಸಿದ್ದೆವು.

ಈಸ್ಟ್ ಇಂಡಿಯಾ ಕಂಪನಿ ದುಡ್ಡಿನಲ್ಲಿ ಕಟ್ಟಿದ ಮನೆಯಲ್ಲಿ ನಮ್ಮ ಮಕ್ಕಳ ಮದುವೆ ಮಾಡುವುದು ಸರಿಯಾ?

ಒಬ್ಬ ತಾತ ಕೇಳಿದ ಪ್ರಶ್ನೆ ಇದು. ಹಗುರಾಗಿ ತಳ್ಳಿಹಾಕುವಂಥದ್ದಲ್ಲ. ಬರ್ಕ್‌ಶೈರ್‌ನ ಬೇಸಿಲ್ಡನ್ ಪಾರ್ಕ್ ಕಟ್ಟಿಸಿದ ಫ್ರಾನ್ಸಿಸ್ ಸೈಕ್ಸ್ ಬಂಗಾಳದಲ್ಲಿ ಕಂಪನಿ ಕೆಲಸದಲ್ಲಿ ದುಡ್ಡು ಮಾಡಿದವನು. ಗ್ಲಾಸ್ಟರ್‌ಶೈರ್‌ನ ಸೆಜಿನ್‌ಕೋಟ್ ಕೂಡ ಕಂಪನಿಯಲ್ಲಿದ್ದ ಚಾರ್ಲ್ಸ್ ಕಾಕೆರೆಲ್‌ನ ಮನೆ, 1805ರ ಸುಮಾರಿನದು. ತಾಮ್ರದ ಗುಮ್ಮಟ, ಮೊಘಲ್ ಶೈಲಿಯ ಕಿಟಕಿ, ತೋಟದಲ್ಲಿ ಸೂರ್ಯನ ಗುಡಿ, ಸೇತುವೆಯ ಮೇಲೆ ನಂದಿಗಳು. ಅಲ್ಲಿ ಮದುವೆಗಳು ನಡೆಯುತ್ತವೆ. ನ್ಯಾಷನಲ್ ಟ್ರಸ್ಟ್ ತನ್ನ 93 ಜಾಗಗಳಿಗೆ ವಸಾಹತು ಮತ್ತು ಗುಲಾಮಗಿರಿಯ ನಂಟಿದೆ ಅಂತ 2020ರಲ್ಲಿ ತಾನೇ ವರದಿ ಹೊರತಂದಿತು.

ನಾನು ತಾತನಿಗೆ ಹೇಳಿದ್ದು ಇಷ್ಟು. ಮನೆಯ ಕಥೆ ತಿಳಿದುಕೊಳ್ಳೋಣ, ಮಕ್ಕಳಿಗೂ ಹೇಳೋಣ. ಆಮೇಲೆ ಮನಸ್ಸು ಒಪ್ಪಿದರೆ ಅಲ್ಲೇ ಮಂಗಳವಾದ್ಯ ಊದಿಸೋಣ, ಒಪ್ಪದಿದ್ದರೆ ಬೇರೆ ಮನೆ ಇದೆ. ಅವರು ಎರಡು ದಿನ ಯೋಚಿಸಿ ಬೇರೆ ಮನೆ ನೋಡಿ ಅಂದರು. ನೋಡಿದೆವು.

ನಾಮಕರಣ, ಷಷ್ಟಿಪೂರ್ತಿ, ರಾಜ್ಯೋತ್ಸವಕ್ಕೂ ಕೊಡುತ್ತಾರಾ?

ಕೊಡುತ್ತಾರೆ, ನವೆಂಬರಿನಲ್ಲಂತೂ ಸುಲಭವಾಗಿ. ಮನೆಗೆ ಸ್ವಂತ ಲೈಸೆನ್ಸ್ ಇಲ್ಲದೆ ಸಂಗೀತ, ನಾಟಕ, ಬಾರ್ ಇಡುವುದಾದರೆ ಕೌನ್ಸಿಲಿಗೆ ತಾತ್ಕಾಲಿಕ ಕಾರ್ಯಕ್ರಮದ ನೋಟಿಸ್ ಕೊಡಬೇಕಾಗಬಹುದು. ಫೀಸು 21 ಪೌಂಡ್, ಹತ್ತು ಕೆಲಸದ ದಿನ ಮೊದಲು, ಜನ ಒಟ್ಟು 499ರ ಒಳಗೆ.

ಮುಗಿದ ಮೇಲೆ ಮನೆ ಬಿಟ್ಟುಕೊಡುವುದು ಹೇಗೆ?

ಮರುದಿನ ಬೆಳಿಗ್ಗೆ ಹತ್ತಕ್ಕೆ ಖಾಲಿ ಮಾಡಿ ಅಂತ ಸಾಮಾನ್ಯವಾಗಿ ಬರೆದಿರುತ್ತದೆ. ಬಂದ ದಿನವೇ ರೂಮುಗಳ ಫೋಟೋ ತೆಗೆದಿಡಿ, ಹೋಗುವಾಗ ಮನೆಯವರ ಜೊತೆ ಒಂದು ಸುತ್ತು ಹಾಕಿ. ಹೋಮದ ಬೂದಿಯಲ್ಲಿ ಕೆಂಡ ರಾತ್ರಿಯೆಲ್ಲ ಉಳಿದಿರಬಹುದು. ಮುಚ್ಚಳ ಇರುವ ಲೋಹದ ಡಬ್ಬಿಯಲ್ಲಿ ಹಾಕಿ, ಹೊರಗೆ ಕಲ್ಲಿನ ಮೇಲೆ ಇಟ್ಟಿರಿ. ಕಸದ ಚೀಲಕ್ಕೆ ಸುರಿಯಬೇಡಿ.

ಕಳಶದ ನೀರು, ತಣ್ಣಗಾದ ಬೂದಿ ಎಲ್ಲಿ ಹಾಕುವುದು ಅಂತ ತೋಟಗಾರರನ್ನು ಕೇಳಿ. ಹೋದ ವರ್ಷ ಹಾಗೆ ಕೇಳಿದಾಗ ಒಬ್ಬರು ನಮ್ಮನ್ನು ಗೋಡೆ ಕಟ್ಟಿದ ತೋಟಕ್ಕೆ ಕರೆದುಕೊಂಡು ಹೋಗಿ, ಗುಲಾಬಿ ಸಾಲು ತೋರಿಸಿ, ಬುಡದ ಮಣ್ಣು ತಾವೇ ಕೆದಕಿ ಕೊಟ್ಟರು. ಹುಡುಗಿ ಬೂದಿ ಹಾಕಿದಳು, ಹುಡುಗ ಕಳಶದ ನೀರು ಹೊಯ್ದ.